ತಿರುವಿಗೊಂದು ದ್ರಾಕ್ಷಿ

ಟ್ರಾಲಿಯ ಮುಂದಿನ ಎಡಗಾಲಿ ಇವತ್ತೂ ಕಿರುಗುಟ್ಟಿತು. ಬಾಗಿಲ ಬಳಿ ಒಂದರೊಳಗೊಂದು ತೂರಿಸಿ ನಿಲ್ಲಿಸಿದ ಇಪ್ಪತ್ತು ಟ್ರಾಲಿಗಳಿದ್ದರೂ ಈ ಹಾಳಾದ್ದೇ ತನ್ನ ಕೈಗೆ ಹೇಗೆ ಸಿಗುತ್ತದೆ ಎಂದು ಅವಳು ಪ್ರತಿ ಗುರುವಾರ ಬೇಸರಪಟ್ಟುಕೊಳ್ಳುತ್ತಿದ್ದಳು. ಇವತ್ತು ಬೇಕೆಂದೇ ಅದನ್ನು ಹುಡುಕಿ ಎಳೆದುಕೊಂಡಿದ್ದಳು. ಕೊನೆಯ ಗುರುವಾರ, ಎಲ್ಲ ಇದ್ದ ಹಾಗೇ ಇರಲಿ. ಹೆಗಲ ಚೀಲದೊಳಗೆ ಕೈ ಹಾಕಿ, ಸ್ಟೀಲಿನ ಪುಟ್ಟ ಡಬ್ಬಿ ಇದೆಯೇ ಎಂದು ಮುಟ್ಟಿ ನೋಡಿದಳು. ಇತ್ತು. ಮುಚ್ಚಳದ ಮೇಲಿನ ತಗ್ಗು ಬೆರಳಿಗೆ ಸಿಕ್ಕಿತು. ಬೆಳಿಗ್ಗೆ ಅದಕ್ಕೆ ಒಣದ್ರಾಕ್ಷಿ ತುಂಬಿಸಿದ್ದು ಅಜ್ಜಮ್ಮ. ಅಜ್ಜಮ್ಮನಿಗೆ ವಯಸ್ಸು ಆರು, ಮಾತಿಗೆ ಅರವತ್ತು. ಅದಕ್ಕೇ ಮನೆಯಲ್ಲಿ ಆ ಹೆಸರು. ತಮ್ಮ ಗುಂಡನಿಗೆ ಮೂರು ತುಂಬಿ ಎರಡು ತಿಂಗಳು. ಅಕ್ಕನ ಮಕ್ಕಳು. ಅಕ್ಕ ಹೋಗಿ ಮೂರು ವರ್ಷವಾಗುತ್ತ ಬಂತು, ಅಂದರೆ ಗುಂಡ ಇನ್ನೂ ಕತ್ತು ನಿಲ್ಲಿಸಲು ಕಲಿಯುತ್ತಿದ್ದ ಹೊತ್ತಿಗೆ. ಅವನಿಗೆ ಅಮ್ಮ ಅಂದರೆ ಗೋಡೆಯ ಮೇಲಿನ ಫೋಟೋದ ಹೆಸರು, ಅಷ್ಟೆ. ಅತ್ತರೆ ಬರುವವಳು, ಅನ್ನ ಕಲಸುವವಳು, ಮೂಗು ಒರೆಸುವವಳು ಚಿಕ್ಕಮ್ಮ. ಹೋದ ತಿಂಗಳು ಇದೇ ಬಾಗಿಲಲ್ಲಿ ಇನ್ನೊಂದು ಮಗು ಅಮ್ಮಾ ಎಂದು ಕೂಗಿ ಒಬ್ಬಾಕೆಯ ಕಾಲಿಗೆ ತೆಕ್ಕೆಬಿದ್ದಾಗ ಗುಂಡ ಅದನ್ನೇ ದಿಟ್ಟಿಸಿ ನೋಡಿ, "ಅದು ಅವನ ಚಿಕ್ಕಮ್ಮಾನಾ?" ಎಂದು ಕೇಳಿದ್ದ. ಅವಳು ಹ್ಞೂಂ ಅಂದಿದ್ದಳು. ತಿದ್ದಬೇಕಿತ್ತೇನೋ. ತಿದ್ದಲು ಮನಸ್ಸು ಬಂದಿರಲಿಲ್ಲ.

"ನಾನೇ ಬೇಗ ಬಂದ್ಬಿಟ್ಟೆ ಅನಿಸುತ್ತೆ," ಎಂದಿತು ಪಕ್ಕದಲ್ಲಿ ಒಂದು ದನಿ. ಬರುವ ವಾರ ಭಾವನನ್ನು ಮದುವೆಯಾಗಲಿರುವಾಕೆ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಲ್ಲಿಂದ ನೇರವಾಗಿ ಬಂದಿದ್ದಳು. ಮೈಯಿಂದ ಸ್ಪಿರಿಟ್ಟಿನ ತಣ್ಣನೆ ವಾಸನೆ ಬರುತ್ತಿತ್ತು, ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದಳು. ಮೂವತ್ತೈದರ ಆಸುಪಾಸು. ಚೆಲುವೆಯೂ ಅಲ್ಲ, ಅಲ್ಲದವಳೂ ಅಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿತ್ತು ಎಂದು ಅವಳಿಗೆ ಅನಿಸಿತು. ಕೆಟ್ಟವಳಂತೆ ಕಾಣಲಿಲ್ಲ. "ನಿಮ್ಮದು ಹೊಲಿಗೆ ಅಂತೆ? ಗುಂಡಿ, ಕಾಜ ಎಲ್ಲ ಮನೇಲೇ ಮಾಡಿ ಟೈಲರಿಗೆ ಕೊಡ್ತೀರಂತೆ. ನೋಡಿ, ನಿಮಗೂ ಸೂಜಿ, ನನಗೂ ಸೂಜಿ. ನೀವು ಹೊಲೀತೀರಿ, ನಾನು ಚುಚ್ತೀನಿ." ತನ್ನ ಮಾತಿಗೆ ತಾನೇ ನಕ್ಕು, ಯಾರೂ ನಗದ್ದನ್ನು ಕಂಡು ತುಟಿ ಮುಚ್ಚಿಕೊಂಡಳು ಆಕೆ. ಅವಳಿಗೆ ನಗು ಬಂದಿತ್ತು. ಆದರೆ ಹೊಸಬರ ಮುಂದೆ ಅವಳ ನಗು ಯಾವಾಗಲೂ ಗಂಟಲಿಗೆ ಬರುವ ಹೊತ್ತಿಗೆ ನಗುವ ಹೊತ್ತು ಮುಗಿದಿರುತ್ತದೆ. ಅಕ್ಕ ಅವಳನ್ನು ಪಿಸುಗುಬ್ಬಿ ಅನ್ನುತ್ತಿದ್ದಳು. ಒಂಬತ್ತನೆಯ ಕ್ಲಾಸಿನಲ್ಲಿ ಎದ್ದು ನಿಂತು ಓದು ಅಂದದ್ದಕ್ಕೆ ಬಾಯಿಂದ ಗಾಳಿ ಮಾತ್ರ ಬಂದು, ಇಡೀ ಕ್ಲಾಸು ಗೊಳ್ಳೆಂದ ಮೇಲೆ ಪುಸ್ತಕದ ಚೀಲವನ್ನು ಅಟ್ಟಕ್ಕೆಸೆದವಳು ಮತ್ತೆ ಇಳಿಸಲಿಲ್ಲ. ಮಾತಾಡದವರಿಗೆ ಕಣ್ಣು ಜಾಸ್ತಿ. ಆಕೆಯ ಚಪ್ಪಲಿ ಹೊಸದು, ಹಿಮ್ಮಡಿಯಲ್ಲಿ ಕಚ್ಚುತ್ತಿದೆ, ಮಕ್ಕಳನ್ನು ನೋಡಲು ಬರುತ್ತೇನೆಂದೇ ಇವತ್ತು ಹಾಕಿಕೊಂಡಿದ್ದಾಳೆ ಎನ್ನುವುದನ್ನು ಅವಳು ಮೊದಲ ನೋಟಕ್ಕೇ ಕಂಡುಕೊಂಡಿದ್ದಳು.

"ಗುರುವಾರ ಇಬ್ಬರೂ ಒಟ್ಟಿಗೆ ಹೋಗಿಬನ್ನಿ, ಮಕ್ಕಳು ಹೊಂದಿಕೊಳ್ಳಲಿ," ಅಂದಿದ್ದರು ಭಾವ. ಕೈ ತೊಳೆಯುತ್ತ, ನಲ್ಲಿಗೆ ಹೇಳಿದ ಹಾಗೆ ಹೇಳಿದ್ದರು. ಒಳ್ಳೆಯ ಮನುಷ್ಯ, ಮೂರು ವರ್ಷದಲ್ಲಿ ಒಂದು ದಿನವೂ ಅವಳಿಗೆ ಗದರಿದವರಲ್ಲ, ಒಂದು ದಿನವೂ ಅವಳ ಮುಖ ನೋಡಿ ಮಾತಾಡಿದವರೂ ಅಲ್ಲ. "ಮಕ್ಕಳು ಆಕೇನ ಚಿಕ್ಕಮ್ಮ ಅಂತಲೇ ಕರೀಲಿ. ಬಾಯಿಗೆ ರೂಢಿ ಇದೆಯಲ್ಲ, ಸುಲಭ." ತಪ್ಪೇನಿದೆ? ತಾಯಿಯ ತಂಗಿಯೂ ಚಿಕ್ಕಮ್ಮನೇ, ಅಪ್ಪ ಆಮೇಲೆ ಕಟ್ಟಿಕೊಂಡವಳೂ ಚಿಕ್ಕಮ್ಮನೇ. ಊರೆಲ್ಲ ಕರೆಯುವುದು ಹಾಗೇ. ಅವಳು ಕೈಯೊರೆಸುವ ಬಟ್ಟೆ ಚಾಚಿ ನಿಂತಿದ್ದಳು. ಇವಳೇ ಮನೆಯಲ್ಲಿದ್ದಾಳಲ್ಲ, ಇವಳನ್ನೇ ಯಾಕೆ ಮಾಡಿಕೊಳ್ಳಬಾರದು ಎಂದು ಪಕ್ಕದ ಮನೆಯವರು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಕೇಳಿದ್ದರೆ ಏನನ್ನುತ್ತಿದ್ದಳೋ ಅವಳಿಗೇ ಗೊತ್ತಿಲ್ಲ. ಯಾರೂ ಕೇಳಲಿಲ್ಲ ಅನ್ನುವುದು ಬೇರೆ ವಿಷಯ. ಭಾನುವಾರ ಬೆಳಗಿನ ಬಸ್ಸಿಗೆ ಅವಳು ಅಮ್ಮನ ಮನೆಗೆ. ಭಾವ ಹಾಗೆ ಹೇಳಿದ ರಾತ್ರಿ ಹಾಸಿಗೆಯಲ್ಲಿ ಅಜ್ಜಮ್ಮ ಕೇಳಿದ್ದಳು: "ಇಬ್ಬರೂ ಚಿಕ್ಕಮ್ಮ ಆದ್ರೆ, ಕರೆದಾಗ ಯಾರು ಬರ್ತಾರೆ?" ಅವಳು ಕತ್ತಲೆಯಲ್ಲಿ ಮಗುವಿನ ಹೊದಿಕೆ ಸರಿಮಾಡಿ, "ಯಾರು ಹತ್ತಿರ ಇರ್ತಾರೋ ಅವರು," ಅಂದಿದ್ದಳು.

ತರಕಾರಿಯ ಕಟ್ಟೆಯಲ್ಲಿ ಎಲ್ಲ ಸರಿಯಾಗಿತ್ತು. ಅಲ್ಲಿ ಕೆಲಸವಿತ್ತು. ಗುಂಡ ಟ್ರಾಲಿಯ ಮುಂದಿನ ಸೀಟಿನಲ್ಲಿ ಕಾಲು ಇಳಿಬಿಟ್ಟು ಕೂತು ಆಲೂಗಡ್ಡೆಗಳನ್ನು ಒಂದೊಂದಾಗಿ ಮುಟ್ಟಿ, ಬಾ, ನೀನೂ ಬಾ, ನೀನು ಬೇಡ ಎಂದು ಆರಿಸಿದ. ಅಜ್ಜಮ್ಮ ಟೊಮೇಟೊ ಮೂಸಿ ನೋಡಿ, "ಇವು ಕಾಯಿ. ಹಣ್ಣಿನ ವೇಷ ಹಾಕಿವೆ ಅಷ್ಟೆ," ಅಂದಳು. ಆಕೆ ಬಾಯ್ತುಂಬ ನಕ್ಕಳು. ಅಜ್ಜಮ್ಮನೂ ನಕ್ಕಳು. ಆ ನಗು ಅವಳಿಗೆ ಎಲ್ಲೋ ತಾಗಿತು. ಹೊಲಿಯುವಾಗ ಬೆರಳಿಗೆ ಸೂಜಿ ಹೋದರೆ ಮೊದಲು ನೋವಾಗುವುದಿಲ್ಲ, ರಕ್ತ ಕಂಡ ಮೇಲೆ ಆಗುತ್ತದೆ, ಹಾಗೆ. ತಕ್ಕಡಿಯ ಹತ್ತಿರ ನಿಂತು ಚೀಟಿ ಅಂಟಿಸಿಕೊಂಡು ಸಾಲಿನ ಕೊನೆಗೆ ಬಂದರು. ಟ್ರಾಲಿ ತಿರುಗಿತು. ಎಡಗಾಲಿ ಕಿರ್ರೆಂದಿತು. ಗುಂಡ ಬಾಯಿ ತೆರೆದ. ಟ್ರಾಲಿಯ ಕಂಬಿ ಹಿಡಿದು ನಡೆಯುತ್ತಿದ್ದ ಅಜ್ಜಮ್ಮನೂ ತಲೆ ಎತ್ತಿ ಬಾಯಿ ತೆರೆದಳು. ಗೂಡಿನಲ್ಲಿ ಮರಿಗಳು ತೆರೆದ ಹಾಗೆ, ಎರಡು ಕೆಂಪು ಬಾಯಿಗಳು, ಅವಳ ಕಡೆಗೆ.

ಅದು ಮೂರು ವರ್ಷದ ವಿದ್ಯೆ. ಅಕ್ಕ ಹೋದ ಹೊಸದರಲ್ಲಿ ಈ ಅಂಗಡಿಗೆ ಬರುವುದೆಂದರೆ ಅವಳಿಗೆ ಜ್ವರ ಬಂದ ಹಾಗಾಗುತ್ತಿತ್ತು. ಹೆಗಲಿಗೆ ಕಟ್ಟಿಕೊಂಡ ಗುಂಡ ಒಂದು ಕಡೆ ಕಿರುಚಿದರೆ, ಮೂರು ವರ್ಷದ ಅಜ್ಜಮ್ಮ ಚಾಕಲೇಟಿನ ಮುಂದೆ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಒಮ್ಮೆ ಒಬ್ಬ ಹೆಂಗಸು ಎಲ್ಲರಿಗೂ ಕೇಳುವ ಹಾಗೆ, "ಹೆರೋದೊಂದೇ ಗೊತ್ತು ಇವಕ್ಕೆ, ಸಾಕೋದು ಗೊತ್ತಿಲ್ಲ," ಅಂದಿದ್ದಳು. ಹತ್ತೊಂಬತ್ತರ ಹುಡುಗಿ ಅವಳು. ನಾನು ಹೆತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ; ಅಂದರೆ ಮಕ್ಕಳನ್ನು ಕೈಬಿಟ್ಟ ಹಾಗೆ ಆಗುತ್ತಿತ್ತು. ಅಕ್ಕಿ, ಸೋಪು ಎಲ್ಲ ಅಲ್ಲೇ ಬಿಟ್ಟು ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತಿದ್ದಳು. ಮುಂದಿನ ವಾರ ಸೊಂಟಕ್ಕೆ ಒಣದ್ರಾಕ್ಷಿಯ ಪೊಟ್ಟಣ ಸಿಕ್ಕಿಸಿಕೊಂಡು ಹೋದಳು. ಸುಮ್ಮನೆ ಕೊಟ್ಟರೆ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ತಿರುವಿಗೊಂದು ಎಂದು ಕಟ್ಟಳೆ ಮಾಡಿದಳು. ಬಾಗಿಲಿನಿಂದ ಬಿಲ್ಲಿನ ಕೌಂಟರಿನವರೆಗೆ ಹನ್ನೊಂದು ತಿರುವು. ಒಂದನ್ನು ಕೆನ್ನೆಯಲ್ಲಿಟ್ಟುಕೊಳ್ಳಬೇಕು, ಅಗಿಯಬಾರದು; ಮುಂದಿನ ತಿರುವಿನಲ್ಲಿ ಅದು ಇನ್ನೂ ಕೆನ್ನೆಯಲ್ಲಿದ್ದರೆ ಎರಡು. ಬಾಯಲ್ಲಿ ದ್ರಾಕ್ಷಿ ಕಾಪಾಡುವ ಮಕ್ಕಳು ಕಿರುಚುವುದು ಹೇಗೆ? ಗುಂಡನಿಗೆ ಹಲ್ಲು ಬಂದ ಮೇಲೆ ಅವನೂ ಆಟಕ್ಕೆ ಸೇರಿದ. ಓದು ಬಿಟ್ಟವಳು ತನ್ನ ಬುದ್ಧಿಯಿಂದ ಮಾಡಿದ್ದು ಲೋಕದಲ್ಲಿ ಅದೊಂದೇ. ಯಾರಿಗೂ ಹೇಳಿರಲಿಲ್ಲ. ಭಾವನಿಗೂ.

ಅವಳ ಕೈ ಆಗಲೇ ಚೀಲದೊಳಗಿತ್ತು. ಮುಚ್ಚಳ ಹೆಬ್ಬೆರಳಿನ ಕೆಳಗಿತ್ತು.

"ಯಾಕೆ ಹೀಗೆ ಬಾಯಿ ತೆಗೀತಿದಾರೆ?" ಎಂದಳು ಆಕೆ.

"ಆಕಳಿಕೆ ಇರಬೇಕು."

ತನ್ನ ದನಿ ಅಷ್ಟು ಸ್ಪಷ್ಟವಾಗಿ ಹೊರಬಂದದ್ದನ್ನು ಕೇಳಿ ಅವಳಿಗೇ ಗಾಬರಿಯಾಯಿತು. ಓದು ಅಂದಾಗ ಬಾರದ ದನಿ, ನಾನು ಹೆತ್ತಿಲ್ಲ ಅನ್ನಲು ಬಾರದ ದನಿ. ಕೈ ಖಾಲಿಯಾಗಿ ಚೀಲದಿಂದ ಹೊರಗೆ ಬಂದು ಟ್ರಾಲಿಯ ಹಿಡಿ ಹಿಡಿಯಿತು. ಗುಂಡ ಬಾಯಿ ತೆರೆದುಕೊಂಡೇ ಇದ್ದ. ಅಜ್ಜಮ್ಮ ಅವಳ ಕೈಯನ್ನು ನೋಡಿದಳು, ಚೀಲವನ್ನು ನೋಡಿದಳು, ಆಮೇಲೆ ಮುಖವನ್ನು. ಆಮೇಲೆ, ಸದ್ದಿಲ್ಲದೆ, ಬಾಯಿ ಮುಚ್ಚಿಕೊಂಡಳು.

ಎರಡನೆಯ ತಿರುವಿನಲ್ಲಿ ಅಜ್ಜಮ್ಮ ತಲೆ ಎತ್ತಲೇ ಇಲ್ಲ. ಗುಂಡ ಮತ್ತೆ ತೆರೆದ, ಮತ್ತೆ ಮುಚ್ಚಿದ. ಅವನ ಕೆಳತುಟಿ ಮುಂದೆ ಬರತೊಡಗಿತ್ತು. ಅಳುವಿಗೆ ಇನ್ನು ಒಂದು ತಿರುವಿನಷ್ಟು ದೂರ. ಅವಳಿಗೆ ಅದು ಅಂಗೈಯ ಗೆರೆಯ ಹಾಗೆ ಗೊತ್ತಿತ್ತು. ಈಗಲೂ ಕೊಡಬಹುದು ಎಂದು ಸೋಪಿನ ಸಾಲಿನ ಉದ್ದಕ್ಕೂ ಅಂದುಕೊಂಡಳು. ಕೊಟ್ಟರೆ ಆಕೆ ನೋಡುತ್ತಾಳೆ, ಕಲಿಯುತ್ತಾಳೆ. ಮುಂದಿನ ಗುರುವಾರ ಆಕೆಯ ಚೀಲದಲ್ಲಿ ಡಬ್ಬಿ ಇರುತ್ತದೆ, ಬಾಯಿಗಳು ಆ ಕಡೆಗೆ ತಿರುಗುತ್ತವೆ. ಹೆಸರು ಹೋಯಿತು, ಮನೆ ಹೋಯಿತು; ಹನ್ನೊಂದು ತಿರುವನ್ನೂ ಬಿಟ್ಟುಕೊಟ್ಟರೆ ಬಸ್ಸಿನಲ್ಲಿ ತನ್ನ ಜೊತೆ ಬರುವುದಾದರೂ ಏನು? ಪಕ್ಕದಲ್ಲಿ ಆಕೆ ಕುಂಟುತ್ತ, "ನಿಮ್ಮನ್ನ ನಾನು ಏನಂತ ಕರೀಲಿ? ಹೆಸರು ಹಿಡಿದು ಕರೆದರೆ ಸರಿಯಾ, ತಂಗಿ ಅನ್ನಲಾ?" ಎಂದು ಕೇಳುತ್ತಿದ್ದಳು. ಅವಳು ಏನೋ ಗೊಣಗಿದಳು. ತಾನು ಆಕೆಯನ್ನು ಏನಂತ ಕರೆಯಬೇಕೆಂದು ಅವಳಿಗೂ ತಿಳಿದಿರಲಿಲ್ಲ. ಅಕ್ಕ ಅನ್ನುವ ಜಾಗದಲ್ಲಿ ಒಬ್ಬಳಿದ್ದಳು. ಖಾಲಿಯಾದರೂ ಅದು ಅವಳದೇ ಜಾಗ.

ಬಿಸ್ಕತ್ತಿನ ಸಾಲಿಗೆ ತಿರುಗುವಾಗ ಗುಂಡ ಬಾಯಿ ತೆರೆದ, ಕಾದ, ಮತ್ತು ಆ ತೆರೆದ ಬಾಯಿಂದಲೇ ಅಳು ಬಂತು. "ದಾಚೀ," ಎಂದ. "ದಾಚಿ ಬೇಕು. ದಾಚೀ!"

"ದಾಚಿ ಅಂದ್ರೇನು?" ಆಕೆ ಅವಳ ಕಡೆ ತಿರುಗಿದಳು. "ಏನು ಕೇಳ್ತಿದಾನೆ?"

"ಗೊತ್ತಿಲ್ಲ. ಏನೇನೋ ಅಂತಿರ್ತಾನೆ."

ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಹಗುರ. ಆಕೆ ಕಪಾಟಿನ ಕಡೆ ತಿರುಗಿ, "ಇದಾ ಪುಟ್ಟಾ? ಇದಾ ದಾಚಿ? ಇದು?" ಎಂದು ಒಂದೊಂದೇ ಪೊಟ್ಟಣ ತೋರಿಸತೊಡಗಿದಳು. ಕೇಳಿದ್ದು ಸಿಗದವನಿಗೆ ಕೇಳದ್ದನ್ನೆಲ್ಲ ತೋರಿಸುವುದು ಗಾಯಕ್ಕೆ ಉಪ್ಪು. ಗುಂಡ ಸೀಟಿನಲ್ಲೇ ನಿಲ್ಲಲು ನೋಡಿದ, ಕಾಲು ಸಿಕ್ಕಿಕೊಂಡು ಇನ್ನೂ ಜೋರಾಗಿ ಅರಚಿದ. ಆಕೆಗೆ ಗಾಬರಿಯಾಗಿ ಒಂದು ಪೊಟ್ಟಣವನ್ನು ಹಲ್ಲಿನಿಂದ ಹರಿದು ಬಿಸ್ಕತ್ತನ್ನು ಅವನ ಬಾಯಿಗೆ ಹಿಡಿದಳು. ಅವನು ಕೈ ಬೀಸಿದ. ಇಡೀ ಪೊಟ್ಟಣ ನೆಲಕ್ಕೆ ಬಿದ್ದು ಟ್ರಾಲಿಯ ಕೆಳಗೆಲ್ಲ ಬಿಸ್ಕತ್ತು ಚೆಲ್ಲಿತು. ಸಾಲಿನ ಆ ತುದಿಯಿಂದ ಪೊರಕೆಯವಳು ಬಂದಳು. "ಬಿಲ್ ಆಗದೆ ಒಡೀಬಾರದು ಅಂತ ಬರೆದಿದೆಯಲ್ಲಮ್ಮ, ಓದೋಕೆ ಬರಲ್ವಾ? ಮಗೂನ ಹಿಡ್ಕೊಳ್ಳಿ ಮೊದಲು." ಹಿಂದಿನಿಂದ ಯಾರೋ ಗಂಡಸು, "ತಾಯಿ ಮುದ್ದು ಜಾಸ್ತಿ ಆದ್ರೆ ಹೀಗೇನೇ," ಅಂದ. ಜನ ಟ್ರಾಲಿಗಳನ್ನು ನಿಲ್ಲಿಸಿದ್ದರು. ಅವಳಿಗೆ ಆ ನೋಟಗಳೆಲ್ಲ ಪರಿಚಯದವು. ಒಂದೊಂದೂ ಎಲ್ಲಿಗೆ ಚುಚ್ಚುತ್ತದೆ ಎಂದು ಗೊತ್ತಿತ್ತು. ಮೂರು ವರ್ಷದ ಕೆಳಗೆ ಇದೇ ಸಾಲಿನಲ್ಲಿ ತಾನು ನಿಂತ ಜಾಗದಲ್ಲೇ ಈಗ ಆಕೆ ನಿಂತಿದ್ದಳು, ಕಚ್ಚುವ ಚಪ್ಪಲಿಯಲ್ಲಿ, ಕಿವಿಯವರೆಗೆ ಕೆಂಪಾಗಿ. ತಾನು ಎರಡು ಹೆಜ್ಜೆ ಹಿಂದೆ, ಜನರ ಜೊತೆ. ಒಂದು ಗಳಿಗೆ, ಒಂದೇ ಗಳಿಗೆ, ಅವಳ ಎದೆಯೊಳಗೆ ಸಿಹಿಯಾದದ್ದೇನೋ ಕರಗಿ ಇಳಿಯಿತು. ಆ ಸಿಹಿಯ ಗುರುತು ಹತ್ತಿದಾಗ ಅವಳು ಜನರಿಂದ ಒಂದು ಹೆಜ್ಜೆ ಈಚೆಗೆ ಸರಿದಳು.

ಪೊರಕೆಯವಳು, "ನೀವು ತಾಯಿ ತಾನೇ?" ಎಂದಳು.

"ಹೌದು," ಎಂದಳು ಆಕೆ. ಆಮೇಲೆ, "ಅಲ್ಲ," ಎಂದಳು.

ಏನು ಮಾಡಬೇಕೆಂದು ತೋಚದಾಗ ಕೈ ತನ್ನ ಕಸುಬಿಗೆ ಹೋಗುತ್ತದೆ. ಆಕೆ ಗುಂಡನ ಮೊಣಕೈಯನ್ನು ಕೆಳಗಿನಿಂದ ಹಿಡಿದು, ತೋಳನ್ನು ನೆಟ್ಟಗೆ ಮಾಡಿ, ಇನ್ನೊಂದು ಕೈಯಿಂದ ಮೇಲೆ ಒತ್ತಿದಳು. ಲ್ಯಾಬಿನಲ್ಲಿ ಮಕ್ಕಳನ್ನು ಹಿಡಿಯುವ ಹಾಗೆ. ನೋವಾಗದ, ಅಲ್ಲಾಡಲೂ ಬಿಡದ ಹಿಡಿತ. ಗುಂಡನ ಅಳು ಫಕ್ಕನೆ ಬೇರೆಯಾಯಿತು. ಅದು ಸಿಟ್ಟಿನದಲ್ಲ, ಹೆದರಿಕೆಯದು. ಅದು ಆಕೆಗೂ ಕೇಳಿಸಿತು. ಬಿಸಿ ಪಾತ್ರೆ ಬಿಟ್ಟ ಹಾಗೆ ಕೈ ಬಿಟ್ಟು ಹಿಂದೆ ಸರಿದಳು. "ಎರಡು ನಿಮಿಷದ ಅಳು ನನಗೆ ಗೊತ್ತು," ಎಂದಳು ಅವಳ ಕಡೆ ನೋಡುತ್ತ. "ಅಳ್ತಾರೆ, ಚುಚ್ತೀನಿ, ಹತ್ತಿ ಇಡ್ತೀನಿ, ಅವರಮ್ಮ ಎತ್ಕೊಂಡು ಹೋಗ್ತಾರೆ. ಆಮೇಲಿಂದು ನನಗೆ ಗೊತ್ತೇ ಇಲ್ಲ. ಹನ್ನೆರಡು ವರ್ಷ ಆಯ್ತು, ಆಮೇಲೆ ಏನು ಮಾಡ್ತಾರೆ ಅಂತ ಒಂದಿನಾನೂ ನೋಡಿಲ್ಲ."

ಅವಳು ಏನಾದರೂ ಅನ್ನಬೇಕಿತ್ತು. ಗಾಳಿ ಮಾತ್ರ ಬಂತು.

ಆಗ ಅಜ್ಜಮ್ಮ ಟ್ರಾಲಿಯ ಕಂಬಿ ಬಿಟ್ಟು ಅವಳ ಪಕ್ಕಕ್ಕೆ ಬಂದಳು. ಬಂದು ಚೀಲದ ಮೇಲೆ, ಡಬ್ಬಿ ಉಬ್ಬಿಕೊಂಡು ಕಾಣುತ್ತಿದ್ದ ಜಾಗದ ಮೇಲೆ, ತನ್ನ ಕೈಯಿಟ್ಟು ಮುಚ್ಚಿದಳು. "ಅವನಿಗೆ ದ್ರಾಕ್ಷಿ ಬೇಕು," ಎಂದಳು ಆಕೆಗೆ, ದೊಡ್ಡವರು ದೊಡ್ಡವರಿಗೆ ಹೇಳುವ ಹಾಗೆ. "ಯಾವಾಗಲೂ ಡಬ್ಬೀಲಿ ತರ್ತೀವಿ. ಇವತ್ತು ಚಿಕ್ಕಮ್ಮ ಮರೆತು ಬಂದಿದಾಳೆ. ಪಾಪ, ಅವಳಿಗೆ ಕೆಲಸ ಜಾಸ್ತಿ."

ಮಗು ಅದನ್ನು ಅಷ್ಟು ನಯವಾಗಿ ಹೇಳಿತು. ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ನಾಲಿಗೆ ಹೊರಗೆ ಹಾಕಿಕೊಂಡು, ಇಪ್ಪತ್ತೆರಡು ಎಣಿಸಿ, ಉಳಿಸಿಕೊಂಡವರಿಗೆ ಬೇಕಾಗುತ್ತೆ ಎಂದು ಮೇಲೆ ಇನ್ನೊಂದು ಹಿಡಿ ಹಾಕಿ, ತೊಡೆಯ ನಡುವೆ ಡಬ್ಬಿ ಇರುಕಿಸಿಕೊಂಡು ಮುಚ್ಚಳ ಒತ್ತಿದ್ದು ಇದೇ ಕೈ. ಆ ಕೈ ಈಗ ಚೀಲದ ಮೇಲಿತ್ತು; ಬೆಚ್ಚಗಿತ್ತು, ಬೆವರಿತ್ತು. ಯಾರಿಂದ ಕಲಿತಳು ಇದನ್ನು? ಇನ್ನೊಬ್ಬರ ಮಾನ ಮುಚ್ಚಲು ಸುಳ್ಳು ಹೇಳುವುದನ್ನು, ಹೇಳುವಾಗ ಕಣ್ಣು ತಗ್ಗಿಸದಿರುವುದನ್ನು? ಮೂರು ವರ್ಷ ತಾನು ಇವರನ್ನು ಸಾಕಿದೆ ಎಂದುಕೊಂಡಿದ್ದಳು. ಕೊನೆಗೆ ಕಲಿಸಿಕೊಟ್ಟದ್ದು ಇದು. ಗುಂಡ ಬಿಕ್ಕುತ್ತಿದ್ದ. ಪೊರಕೆಯ ಹಲ್ಲುಗಳು ಟ್ರಾಲಿಯ ಕೆಳಗೆ ಸರಸರ ಆಡುತ್ತಿದ್ದವು. ಅವಳಿಗೆ ಅಕ್ಕನ ನೆನಪು ಬರಲಿಲ್ಲ, ಅಮ್ಮನ ಮನೆಯ ನೆನಪು ಬರಲಿಲ್ಲ. ಅಜ್ಜಮ್ಮ ಇನ್ನು ಮುಂದೆ ಆ ಮನೆಯಲ್ಲಿ ಯಾರ ಯಾರ ಮಾನವನ್ನು ಹೀಗೆ ಅಂಗೈಯಿಂದ ಮುಚ್ಚುತ್ತ ನಿಲ್ಲಬೇಕಾದೀತು ಎನ್ನುವುದು ಮಾತ್ರ ಕಣ್ಣಿಗೆ ಕಟ್ಟಿತು.

ಅವಳು ಆ ಪುಟ್ಟ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು.

"ಮರೆತಿಲ್ಲ," ಎಂದಳು. ಡಬ್ಬಿ ತೆಗೆದು ಆಕೆಯ ಕೈಯಲ್ಲಿಟ್ಟಳು. "ನನ್ನ ಹತ್ರಾನೇ ಇತ್ತು. ಮೊದಲಿಂದ ಇತ್ತು."

ಆಕೆ ಡಬ್ಬಿಯನ್ನು ನೋಡಿದಳು, ಅವಳನ್ನು ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು. ಆಕೆ ಬರೀ ಹೆಬ್ಬೆರಳಿನಿಂದ ಮುಚ್ಚಳದ ಮೇಲಿನ ತಗ್ಗನ್ನು ಸವರಿದಳು. "ಹೇಳಿಕೊಡಿ," ಎಂದಳು.

ಅವಳು ಹೇಳಿದಳು. ನೆಲ ನೋಡುತ್ತ, ಒಂದೇ ಉಸಿರಿಗೆ, ಎಲ್ಲಿ ನಿಂತರೆ ಮುಂದುವರಿಸಲಾಗುವುದಿಲ್ಲವೋ ಎಂಬಂತೆ. "ತಿರುವಿಗೊಂದು. ಒಟ್ಟು ಹನ್ನೊಂದು, ಮೂರು ಆಯ್ತು, ಬಾಕಿ ಎಂಟು. ಕೆನ್ನೇಲಿ ಇಟ್ಕೋಬೇಕು, ಅಗೀಬಾರದು. ಮುಂದಿನ ತಿರುವಿಗೆ ಉಳಿದಿದ್ರೆ ಎರಡು. ಇವನು ಮೋಸ ಮಾಡ್ತಾನೆ, ನಾಲಿಗೆ ಎತ್ತಿಸಿ ನೋಡಿ. ಎತ್ಕೊಂಡು ಕೊಡಬೇಡಿ, ಕೂತಿದ್ದಾಗಲೇ ಕೊಡಿ. ಇವಳು ಬೇಡ ಅಂತಾಳೆ. ಬೇಡ ಅಂದ್ರೂ ಕೊಡಿ." ಅಷ್ಟು ಹೇಳುವುದರೊಳಗೆ ಮೂರು ವರ್ಷ ಮುಗಿದುಹೋಯಿತು. ಇಷ್ಟೇನಾ ಎಂದು ಅವಳಿಗೇ ನಾಚಿಕೆಯಾಯಿತು. "ಉಪ್ಪು ಬಿಟ್ಟುಹೋಗಿದೆ, ತರ್ತೀನಿ. ನೀವು ಹೋಗ್ತಾ ಇರಿ," ಎಂದು ತಿರುಗಿದಳು. ಅಜ್ಜಮ್ಮ ಕೂಗಿ, "ಉಪ್ಪು ಮನೇಲಿ ಎರಡು ಪ್ಯಾಕೆಟ್ ಇದೆ," ಅಂದದ್ದು ಬೆನ್ನಿಗೆ ತಾಗಿತು.

ಉಪ್ಪಿನ ಸಾಲಿನಲ್ಲಿ ಯಾರೂ ಇರಲಿಲ್ಲ. ಒಂದು ಪ್ಯಾಕೆಟ್ ಎತ್ತಿಕೊಂಡು ಎದೆಗೆ ಹಿಡಿದು ನಿಂತಳು; ತಣ್ಣಗಿತ್ತು, ಮಲಗಿದ ಮಗುವಿನ ತಲೆಯಷ್ಟೇ ಭಾರವಿತ್ತು. ಕಪಾಟಿನ ಆಚೆ ಎಡಗಾಲಿ ಕಿರುಗುಟ್ಟುತ್ತ ಹೊರಟಿತು. ಆ ಸದ್ದೊಂದಿದ್ದರೆ ಸಾಕು, ಕಣ್ಣು ಮುಚ್ಚಿಯೂ ಅಂಗಡಿಯಲ್ಲಿ ಅವರೆಲ್ಲಿದ್ದಾರೆ ಎಂದು ಅವಳು ಹೇಳಬಲ್ಲಳು. ಹಿಟ್ಟಿನ ಮೂಟೆಗಳ ಹತ್ತಿರ ನಾಲ್ಕನೆಯ ತಿರುವು: ಕಿರ್ರ್, ಆಮೇಲೆ ಮೌನ. ಮುಚ್ಚಳ ತೆರೆದ ಟಪ್ ಎಂಬ ಸದ್ದು. ಗುಂಡನ ಬಿಕ್ಕು ನಡುವಿನಲ್ಲೇ ನಿಂತಿತು. "ನಾಲಿಗೆ ಎತ್ತು ನೋಡೋಣ," ಎನ್ನುವ ಆಕೆಯ ದನಿ, ಅದಕ್ಕೆ ಅಜ್ಜಮ್ಮನ ತಕರಾರು: "ಈಗಲೇ ಅಲ್ಲ, ಮುಂದಿನ ತಿರುವಲ್ಲಿ. ನೀವು ಸರಿಯಾಗಿ ಕೇಳಿಸ್ಕೊಂಡಿಲ್ಲ." ಐದು. ಆರು. ಅವಳು ಈಚೆಯ ಸಾಲುಗಳಲ್ಲಿ ಅವರಿಗೆ ಸಮನಾಗಿ, ಒಂದು ಕಪಾಟಿನ ಅಂತರದಲ್ಲಿ, ಕಳ್ಳಿಯ ಹಾಗೆ ನಡೆದಳು. ಎಂಟರಲ್ಲಿ ಯಾರೋ ನಕ್ಕರು. ಒಂಬತ್ತರಲ್ಲಿ ಏನೂ ಕೇಳಿಸಲಿಲ್ಲ. ಆಮೇಲೆ ತುಂಬಿದ ಬಾಯಿಯ ಗುಂಡನ ತೊದಲು ಕೇಳಿಸಿತು, ಅಕ್ಕಾ ನೋಡು ಎರಡು, ಎರಡು.

ಹನ್ನೊಂದನೆಯ ತಿರುವಿನಲ್ಲಿ, ಕೌಂಟರಿನ ಹತ್ತಿರ, ಗಾಲಿ ನಿಂತಿತು. ಕಪಾಟಿನ ಡಬ್ಬಿಗಳ ನಡುವಿನ ಸಂದಿಯಲ್ಲಿ ಅವಳಿಗೆ ಗುಂಡನ ಒಂದು ಕಾಲು ಕಾಣಿಸಿತು, ಜಾರಿಬೀಳುವ ಹಾಗಿದ್ದ ಕಾಲುಚೀಲ, ಮತ್ತು ಆಚೆ ಕಡೆ ಪೊಟ್ಟಣಗಳನ್ನು ಎತ್ತಿಡುತ್ತಿದ್ದ ಆಕೆಯ ಬೆನ್ನು. ಅವಳು ನಿಂತಲ್ಲಿಂದ ಗುಂಡನಿಗೆ ಎರಡೇ ಮಾರು. ಆಕೆಗಿಂತ ಅವಳೇ ಹತ್ತಿರ.

"ಚಿಕ್ಕಮ್ಮಾ!" ಎಂದ ಗುಂಡ.

ಯಾರನ್ನು ಕರೆದನೋ. ಅವಳ ಗಂಟಲಿನಲ್ಲಿ ಹ್ಞೂಂ ಬಂದು ನಿಂತಿತ್ತು, ಮೂರು ವರ್ಷ ನಿದ್ದೆಯಲ್ಲೂ ಎದ್ದುಬಂದ ಹ್ಞೂಂ. ಕಾಲು ಒಂದು ಹೆಜ್ಜೆ ಇಟ್ಟೇಬಿಟ್ಟಿತ್ತು. ಉಪ್ಪಿನ ಪ್ಯಾಕೆಟ್ಟನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಆಕೆಗೆ ಅದು ತನ್ನ ಹೆಸರು ಎಂದು ಇನ್ನೂ ತಿಳಿದಿರಲಿಲ್ಲ. ಬೆನ್ನು ಹಾಗೇ ಪೊಟ್ಟಣ ಎತ್ತಿಡುತ್ತಿತ್ತು.

"ಚಿಕ್ಕಮ್ಮಾ," ಎಂದ ಗುಂಡ ಇನ್ನೊಮ್ಮೆ, ಅಳು ಸೇರಿಸಿ.

ಬೆನ್ನು ನಿಂತಿತು. "ನಿಮ್ಮನ್ನೇ," ಎಂದಳು ಅಜ್ಜಮ್ಮ. ಆಕೆ ತಿರುಗಿದಳು. "ಹಾಂ," ಎಂದಳು, ಮೊದಲ ಸಲ ಹಾಕಿದ ಚಪ್ಪಲಿಯಲ್ಲಿ ನಡೆದ ಹಾಗೆ, "ಹಾಂ... ಬಂದೆ." ಜಾರಿದ ಕಾಲುಚೀಲವನ್ನು ಒಂದು ಕೈ ಮೇಲಕ್ಕೆಳೆಯಿತು.

ಡಬ್ಬಿಗಳ ಸಂದಿಯಿಂದ ಅಜ್ಜಮ್ಮ ಈ ಕಡೆ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಆ ನೋಟ ತನ್ನ ಮುಖದಲ್ಲಿ ಎಲ್ಲಿ ನಿಂತಿದೆ ಎಂದು ತಿಳಿದಾಗಲೇ ಅವಳಿಗೆ ಗೊತ್ತಾದದ್ದು, ಈ ಕೊನೆಯ ತಿರುವಿನಲ್ಲಿ ತನ್ನ ಬಾಯಿ ತೆರೆದೇ ಇದೆಯೆಂದು. ಅವಳು ಅಜ್ಜಮ್ಮ ಮುಚ್ಚಿಕೊಂಡ ಹಾಗೆಯೇ, ಸದ್ದಿಲ್ಲದೆ, ಅದನ್ನು ಮುಚ್ಚಿಕೊಂಡಳು.